ಜಿಸೆಲ್‌ಳನ್ನು ಉಳಿಸಿಕೊಂಡು ಬಂದವರು

(ನೃತ್ಯ ಕಲಿಯುತ್ತಿರುವವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಬ್ಯಾಲೆಯ ಚರಿತ್ರೆ ಹೇಳಿ ಎಂದು ಕರೆದಿದ್ದೀರಿ. ನಾಲ್ಕು ಶತಮಾನಕ್ಕೂ ಮೀರಿದ ಕಥೆಯನ್ನು ಒಂದು ಸಂಜೆಯಲ್ಲಿ ಹೇಳಹೊರಟರೆ ಬರೀ ಇಸವಿಗಳನ್ನು ಓದಿದಂತಾಗುತ್ತದೆ. ಅದಕ್ಕೇ ಒಂದೇ ಒಂದು ಕೃತಿಯ ಬೆನ್ನುಹತ್ತಿ ಹೋಗೋಣ. ಅದರ ಹೆಸರು 'ಜಿಸೆಲ್'. 1841ರ ಜೂನ್ 28ರಂದು ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಇವತ್ತಿಗೂ ಲಂಡನ್, ಹವಾನಾ, ನ್ಯೂಯಾರ್ಕ್, ಕೀವ್ ಎಲ್ಲೆಡೆ ಆಡುತ್ತಾರೆ. ಆದರೆ ಅದು ತಾನಾಗಿಯೇ ಉಳಿದುಬಂದದ್ದು ಎಂದುಕೊಳ್ಳಬೇಡಿ. ಹುಟ್ಟಿದ ಊರೇ ಒಮ್ಮೆ ಅದನ್ನು ಕೈಬಿಟ್ಟಿತ್ತು. ಒಂದು ತಲೆಮಾರು ಕಲಿಯದೇ ಹೋಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಲಿತವರು ಯಾರು, ಕಲಿಸಿದವರು ಯಾರು ಎನ್ನುವುದೇ ನನ್ನ ಇವತ್ತಿನ ವಿಷಯ.

ಹಿಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಲೆ ಬೆಳೆದದ್ದು ಇಟಲಿ ಮತ್ತು ಫ್ರಾನ್ಸಿನ ಅರಮನೆಗಳಲ್ಲಿ. ಹದಿನಾಲ್ಕನೆಯ ಲೂಯಿ ದೊರೆ 1653ರಲ್ಲಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಸೂರ್ಯನ ವೇಷ ಹಾಕಿ ಆಸ್ಥಾನದ ಎದುರು ಕುಣಿದ. 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಕಟ್ಟಿಸಿದ. ಪಾದಗಳನ್ನು ಇಡುವ ಐದು ಮೂಲ ಸ್ಥಾನಗಳಿಗೆ ಕಟ್ಟು ಹಾಕಿದ ಕೀರ್ತಿ ಅವನ ನೃತ್ಯಗುರು ಪಿಯೆರ್ ಬೋಷಾಂಪ್ ಅವರದು. ಇವತ್ತು ಯಾವ ದೇಶದ ಯಾವ ಮಗು ಬ್ಯಾಲೆ ತರಗತಿಗೆ ಸೇರಿದರೂ ಮೊದಲ ದಿನ ಕಲಿಯುವುದು ಆ ಐದನ್ನೇ. 1713ರಲ್ಲಿ ಪ್ಯಾರಿಸ್ ಒಪೆರಾ ಎಂಬ ರಂಗಸಂಸ್ಥೆಯ ನೃತ್ಯಶಾಲೆ ಶುರುವಾಯಿತು. ಅದು ಈಗಲೂ ನಡೆಯುತ್ತಿದೆ.

ನಾವು ಬ್ಯಾಲೆ ಎಂದಾಗ ಕಣ್ಣಿಗೆ ಕಟ್ಟುವ ಚಿತ್ರ ಮಾತ್ರ ಅಷ್ಟು ಹಳೆಯದಲ್ಲ. ಬಿಳಿಯ ತೆಳು ಲಂಗ, ಬೆರಳ ತುದಿಯ ಮೇಲೆ ನಿಂತ ಹುಡುಗಿ, ನೆಲಕ್ಕೆ ತಾಗಿಯೂ ತಾಗದಂಥ ನಡೆ. ಇದು ಬಂದದ್ದು 1832ರಲ್ಲಿ, ಮಾರಿ ಟಾಲಿಯೋನಿ 'ಲಾ ಸಿಲ್ಫೀಡ್' ಆಡಿದಾಗ. ರಂಗಕ್ಕೆ ಗ್ಯಾಸ್ ದೀಪ ಬಂದಿತ್ತು. ಬೆಳಕನ್ನು ಏರಿಸಬಹುದಿತ್ತು, ತಗ್ಗಿಸಬಹುದಿತ್ತು. ಬೆಳದಿಂಗಳಿನಂಥ ಮಂದ ಬೆಳಕಿನಲ್ಲಿ ಬಿಳಿ ಲಂಗದ ನರ್ತಕಿ ಈ ಲೋಕದವಳಲ್ಲ ಎನಿಸುತ್ತಿತ್ತು. ಆ ಸೊಬಗಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ಎಮ್ಮಾ ಲಿವ್ರಿ ಎಂಬ ಯುವ ನರ್ತಕಿಯ ಲಂಗಕ್ಕೆ 1862ರಲ್ಲಿ ತಾಲೀಮಿನ ಹೊತ್ತಿಗೆ ಗ್ಯಾಸ್ ದೀಪದ ಬೆಂಕಿ ತಾಗಿತು. ಎಂಟು ತಿಂಗಳು ನರಳಿ ಇಪ್ಪತ್ತರ ವಯಸ್ಸಿನಲ್ಲಿ ತೀರಿಕೊಂಡರು. ಬೆಂಕಿ ಹಿಡಿಯದಂತೆ ರಾಸಾಯನಿಕದಲ್ಲಿ ಅದ್ದಿದ ಬಟ್ಟೆ ಆಗಲೇ ಇತ್ತು. ಹಾಗೆ ಅದ್ದಿದ ಲಂಗ ಮಾಸಲಾಗಿ, ಗಡುಸಾಗಿ ಕಾಣುತ್ತದೆಂದು ನರ್ತಕಿಯರು ಒಲ್ಲೆ ಎನ್ನುತ್ತಿದ್ದರು.

ಈಗ ಕಥೆಗೆ ಬರೋಣ. ರೈನ್ ನದಿಯ ಕಣಿವೆಯಲ್ಲೊಂದು ಹಳ್ಳಿ, ದ್ರಾಕ್ಷಿ ಕೊಯ್ಲಿನ ಕಾಲ. ಜಿಸೆಲ್ ಎಂಬ ಹುಡುಗಿಗೆ ಕುಣಿತವೆಂದರೆ ಪ್ರಾಣ, ಎದೆಯೋ ದುರ್ಬಲ. ಅವಳು ಮೆಚ್ಚಿದ ಹುಡುಗ ತನ್ನಂತೆಯೇ ಹಳ್ಳಿಯವನೆಂದು ನಂಬಿದ್ದಾಳೆ. ನಿಜಕ್ಕೂ ಅವನು ಆಲ್ಬ್ರೆಕ್ಟ್ ಎಂಬ ರಾಜಮನೆತನದವನು, ಬಟಿಲ್ಡ್ ಎಂಬ ಶ್ರೀಮಂತೆಯ ಜೊತೆ ಅವನಿಗೆ ಆಗಲೇ ನಿಶ್ಚಿತಾರ್ಥವಾಗಿದೆ. ಗುಟ್ಟು ರಟ್ಟಾದಾಗ ಜಿಸೆಲ್‌ಗೆ ಬುದ್ಧಿ ಕಲಕಿ ಅಲ್ಲೇ ಸಾಯುತ್ತಾಳೆ. ಇದು ಮೊದಲ ಅಂಕ. ಎರಡನೆಯ ಅಂಕ ಕಾಡಿನಲ್ಲಿ, ನಡುರಾತ್ರಿ. ಮದುವೆಗೆ ಮೊದಲೇ ಸತ್ತ ಹುಡುಗಿಯರು ಅಲ್ಲಿ 'ವಿಲಿ'ಗಳಾಗಿ ಅಲೆಯುತ್ತಾರೆ. ಕೈಗೆ ಸಿಕ್ಕ ಗಂಡಸನ್ನು ಪ್ರಾಣ ಹೋಗುವವರೆಗೆ ಕುಣಿಸುತ್ತಾರೆ. ಆಲ್ಬ್ರೆಕ್ಟ್ ಹೂವು ಹಿಡಿದು ಸಮಾಧಿಗೆ ಬರುತ್ತಾನೆ. ಈಗ ತಾನೂ ವಿಲಿಯಾಗಿರುವ ಜಿಸೆಲ್ ಬೆಳಗಾಗುವವರೆಗೆ ಅವನ ಜೊತೆ ಕುಣಿಯುತ್ತ, ಅವನು ಸೋತಾಗ ತಾನು ಮುಂದೆ ನಿಂತು, ಅವನ ಜೀವ ಉಳಿಸುತ್ತಾಳೆ.

ಈ ಕಥೆ ಕಟ್ಟಿದವರಲ್ಲಿ ಒಬ್ಬರು ಕವಿ ತಿಯೋಫಿಲ್ ಗೋಟಿಯೆ. ಜರ್ಮನ್ ಕವಿ ಹೈನೆ ವಿಲಿಗಳ ಬಗ್ಗೆ ಬರೆದದ್ದನ್ನು ಓದಿ ಅವರಿಗೆ ಇದು ಹೊಳೆಯಿತು. ಸಂಗೀತ ಅಡೋಲ್ಫ್ ಆಡಮ್ ಅವರದು. ನೃತ್ಯ ಸಂಯೋಜನೆ ಜಾನ್ ಕೊರಾಲಿ ಅವರ ಹೆಸರಿನಲ್ಲಿತ್ತು. ಜಿಸೆಲ್ ಪಾತ್ರದ ಕುಣಿತವನ್ನು ಕಟ್ಟಿದವರು ಝೂಲ್ ಪೆರೋ, ಮೊದಲ ಜಿಸೆಲ್ ಕಾರ್ಲೋಟಾ ಗ್ರಿಸಿಯ ಗುರು. ಅವರ ಹೆಸರನ್ನು ಪ್ರಕಟಣೆಯಲ್ಲಿ ಹಾಕಲೇ ಇಲ್ಲ.

ಗೋಟಿಯೆ ಬಗ್ಗೆ ಇನ್ನೊಂದು ಸಂಗತಿ, ಭರತನಾಟ್ಯದವರು ಕೇಳಲೇಬೇಕಾದದ್ದು. 1838ರಲ್ಲಿ, ಅಂದರೆ ಜಿಸೆಲ್‌ಗೆ ಮೂರು ವರ್ಷ ಮೊದಲು, ಪುದುಚೇರಿಗೆ ಹತ್ತಿರದ ತಿರುವೆಂದಿಪುರಂನಿಂದ ಐವರು ದೇವದಾಸಿಯರು ಮತ್ತು ಮೂವರು ಸಂಗೀತಗಾರರು ಹಡಗು ಹತ್ತಿ ಪ್ಯಾರಿಸ್‌ಗೆ ಹೋಗಿ ಅಲ್ಲಿನ ರಂಗಮಂದಿರದಲ್ಲಿ ಕುಣಿದರು. ಅವರಲ್ಲಿ ಅಮ್ಮಣಿ ಎಂಬ ಹದಿನೆಂಟರ ಹುಡುಗಿ ಪ್ಯಾರಿಸ್ಸನ್ನೇ ಬೆರಗುಗೊಳಿಸಿದಳು. ಶಿಲ್ಪಿ ಬಾರ್ ಅವಳ ಕಂಚಿನ ಪ್ರತಿಮೆ ಮಾಡಿದರು. ಗೋಟಿಯೆ ಅವಳ ಬಗ್ಗೆ ಉದ್ದುದ್ದ ಬರೆದರು. ಇನ್ನು ಜಿಸೆಲ್‌ನ ಮೂಲ ಕಥಾಪ್ರತಿಯನ್ನು ತೆಗೆದು ನೋಡಿ. ಎರಡನೆಯ ಅಂಕದ ವಿಲಿಗಳಲ್ಲಿ ಜುಲ್ಮೆ ಎಂಬ ಭಾರತದ ನರ್ತಕಿಯೊಬ್ಬಳಿದ್ದಾಳೆ, ಅವಳು ತನ್ನ ದೇಶದ ಭಂಗಿಗಳನ್ನು ತೋರಿಸಬೇಕೆಂದು ಅಲ್ಲಿ ಬರೆದಿದೆ. ಆ ಭಂಗಿಗಳು ಕಾಲಕ್ರಮದಲ್ಲಿ ಬಿದ್ದುಹೋದವು, ಹೆಸರು ಉಳಿಯಿತು. ಇವತ್ತೂ ವಿಲಿಗಳ ರಾಣಿ ಮಿರ್ಟಾಳ ಎಡಬಲದಲ್ಲಿರುವ ಇಬ್ಬರು ವಿಲಿಗಳಲ್ಲಿ ಒಬ್ಬಳ ಹೆಸರು ಜುಲ್ಮಾ. ಬ್ಯಾಲೆಗೂ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಈ ಹೆಸರನ್ನೇ ಹೇಳುತ್ತೇನೆ.

1868ರ ಹೊತ್ತಿಗೆ ಪ್ಯಾರಿಸ್ ಜಿಸೆಲ್ ಆಡುವುದನ್ನು ನಿಲ್ಲಿಸಿತು. ರುಚಿ ಬದಲಾಗಿತ್ತು. ಬ್ಯಾಲೆ ಅಲ್ಲಿ ಒಪೆರಾದ ಮಧ್ಯೆ ಬರುವ ಅಲಂಕಾರವಾಗಿ ಇಳಿದಿತ್ತು. ಉಳಿಸಿಕೊಂಡದ್ದು ರಷ್ಯಾ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1738ರಿಂದಲೇ ಅರಮನೆಯ ಖರ್ಚಿನ ನೃತ್ಯಶಾಲೆಯಿತ್ತು. ಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲ ಅಲ್ಲೇ. ಕಲಿತು ಹೊರಬಂದವರಿಗೆ ಕೆಲಸ, ಆಮೇಲೆ ಪಿಂಚಣಿ. ಕಲೆಯ ಮೇಲಿನ ಪ್ರೀತಿ ಪ್ಯಾರಿಸ್‌ನಲ್ಲಿ ಕಡಿಮೆಯಿತ್ತೆಂದು ನಾನು ಹೇಳುವುದಿಲ್ಲ. ರಷ್ಯಾದಲ್ಲಿ ಕಲಾವಿದರ ಹೊಟ್ಟೆಪಾಡಿಗೆ ಒಂದು ವ್ಯವಸ್ಥೆಯಿತ್ತು, ನನ್ನ ಲೆಕ್ಕದಲ್ಲಿ ಫಲಿತಾಂಶ ಬದಲಿಸಿದ್ದು ಅದು. ಪೆರೋ ಅಲ್ಲಿಗೆ ಹೋಗಿ ಜಿಸೆಲ್ ಕಲಿಸಿದರು. 1847ರಲ್ಲಿ ಬಂದ ಫ್ರೆಂಚ್ ನರ್ತಕ ಮಾರಿಯಸ್ ಪೆಟಿಪಾ ಪೆರೋಗೆ ನೆರವಾದರು. ಪ್ಯಾರಿಸ್‌ನಲ್ಲಿ ಮೊದಲ ಆಲ್ಬ್ರೆಕ್ಟ್ ಆಗಿದ್ದ ಲೂಸಿಯೆಂ ಪೆಟಿಪಾ ಇವರ ಅಣ್ಣ. ಮಾರಿಯಸ್ 1884ರಲ್ಲಿ ಇಡೀ ಕೃತಿಯನ್ನು ಮತ್ತೆ ಕಟ್ಟಿದರು. ನಾವು ಈಗ ನೋಡುವ ಎರಡನೆಯ ಅಂಕದ ಗುಂಪು ನೃತ್ಯದಲ್ಲಿ ಬಹುಪಾಲು ಅವರ ಕೈಗುಣವೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಗೀತವನ್ನು ಬರೆದಿಡಬಹುದು. ಹೆಜ್ಜೆಯನ್ನು? ವ್ಲಾದಿಮಿರ್ ಸ್ತೆಪನೋವ್ ಎಂಬ ನರ್ತಕ 1892ರಲ್ಲಿ ಒಂದು ಲಿಪಿ ಪ್ರಕಟಿಸಿದರು. ಸಂಗೀತದ ಸ್ವರಲಿಪಿಯ ಹಾಗೆಯೇ ಗೆರೆಗಳ ಮೇಲೆ ಕೈಕಾಲುಗಳ ಚಲನೆ ಗುರುತಿಸುವುದು. ಆ ಲಿಪಿಯಲ್ಲಿ ಪೆಟಿಪಾ ಅವರ ಇಪ್ಪತ್ತಕ್ಕೂ ಹೆಚ್ಚು ಬ್ಯಾಲೆಗಳನ್ನು ಅಷ್ಟಿಷ್ಟಾಗಿ ಬರೆದಿಟ್ಟರು. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ನಿಕೊಲಾಯ್ ಸೆರ್ಗೆಯೆವ್ ಎಂಬ ರಂಗನಿರ್ವಾಹಕರು ಈ ಹಸ್ತಪ್ರತಿಗಳನ್ನು ತುಂಬಿಕೊಂಡು ದೇಶ ಬಿಟ್ಟರು. ಪ್ಯಾರಿಸ್ ಒಪೆರಾ 1924ರಲ್ಲಿ ಮತ್ತೆ ತನ್ನದೇ ಜಿಸೆಲ್ ಆಡಿದ್ದು ಆ ಪುಟಗಳನ್ನು ನೋಡಿಕೊಂಡು. ಲಂಡನ್‌ನಲ್ಲಿ ನಿನೆಟ್ ಡ ವಲ್ವಾ ಕಟ್ಟಿದ, ಆಗಿನ್ನೂ ಎಳೆಯದಾಗಿದ್ದ ತಂಡ 1934ರಲ್ಲಿ ಆಡಿದ್ದೂ ಅದೇ. ಇವತ್ತಿನ ರಾಯಲ್ ಬ್ಯಾಲೆ ಬೆಳೆದದ್ದು ಆ ತಂಡದಿಂದ. ಹಸ್ತಪ್ರತಿಗಳು ಈಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ.

ಆದರೆ ಎಷ್ಟು ಬರೆದಿಟ್ಟರೂ ಪುಟದಲ್ಲಿ ಸಿಗುವುದು ಕಾಲು ಎಲ್ಲಿಗೆ ಹೋಯಿತು ಎಂಬುದಷ್ಟೇ. ಯಾಕೆ ಹೋಯಿತು ಎಂಬುದನ್ನು ಆಡಿದವರೇ ಹೇಳಿಕೊಡಬೇಕು. ಒಂದು ಉದಾಹರಣೆ. ಮೊದಲ ಅಂಕದಲ್ಲಿ ಜಿಸೆಲ್‌ಳ ತಾಯಿ ಬೆರ್ಟ್, "ಹೀಗೇ ಕುಣಿಯುತ್ತಿದ್ದರೆ ಸತ್ತು ವಿಲಿಯಾಗುತ್ತೀಯೆ" ಎಂದು ಮಗಳನ್ನು ಎಚ್ಚರಿಸುತ್ತಾಳೆ. ಬಾಯಲ್ಲಲ್ಲ, ಪೂರ್ತಿ ಕೈ ಅಭಿನಯದಲ್ಲಿ. ಕಾಡು, ಗೋರಿ, ಗೋರಿಯಿಂದ ಏಳುವ ಹುಡುಗಿಯರು, ರೆಕ್ಕೆ, ಕುಣಿತ, ಸಾವು. ಬ್ಯಾಲೆಯಲ್ಲಿ ಸಾವೆಂದರೆ ಎರಡು ಮುಷ್ಟಿಗಳನ್ನು ಮಣಿಕಟ್ಟಿನ ಬಳಿ ಅಡ್ಡಡ್ಡ ಇಟ್ಟು ಕೆಳಗೆ ಒತ್ತುವುದು. ಕುಣಿತವೆಂದರೆ ತಲೆಯ ಮೇಲೆ ಎರಡೂ ಕೈ ಒಂದರ ಸುತ್ತ ಒಂದು ಸುತ್ತುವುದು. ಅಭಿನಯ ಹಳೇ ಶೈಲಿ ಎಂದು ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ತಂಡಗಳು ಈ ಭಾಗವನ್ನು ಕತ್ತರಿಸಿದ್ದವು. ಕತ್ತರಿಸಿದ ಮೇಲೆ ಎರಡನೆಯ ಅಂಕ ಎಲ್ಲಿಂದಲೋ ಬಂದು ಅಂಟಿಕೊಂಡಂತೆ ಕಾಣುತ್ತಿತ್ತು. 1960ರಲ್ಲಿ ರಾಯಲ್ ಬ್ಯಾಲೆಗೆ ಅದನ್ನು ಮತ್ತೆ ಕಲಿಸಿಕೊಟ್ಟವರು ರಷ್ಯಾದ ನರ್ತಕಿ ತಮಾರಾ ಕರ್ಸಾವಿನಾ. ಐವತ್ತು ವರ್ಷದ ಹಿಂದೆ, 1910ರಲ್ಲಿ, ದಿಯಾಗಿಲೆವ್ ಎಂಬ ರಷ್ಯನ್ ಸಂಘಟಕರ ತಂಡದ ಜೊತೆ ಪ್ಯಾರಿಸ್‌ಗೆ ಹೋಗಿ, ಆ ಕಾಲದ ಹೆಸರಾಂತ ನರ್ತಕ ನಿಜಿನ್‌ಸ್ಕಿಗೆ ಜೋಡಿಯಾಗಿ ಜಿಸೆಲ್ ಆಡಿದ್ದವರು ಅವರು. ಲಂಡನ್‌ನಲ್ಲಿ ನೆಲೆಸಿದ್ದ ಆ ಎಪ್ಪತ್ತೈದರ ಹಿರಿಯರಿಗೆ ಕೈಗಳ ಆ ಮಾತು ಒಂದೂ ಮರೆತಿರಲಿಲ್ಲ.

ಲಂಡನ್‌ನ 1934ರ ಜಿಸೆಲ್ ಅಲಿಶಿಯಾ ಮಾರ್ಕೋವಾ. ಹುಟ್ಟುಹೆಸರು ಲಿಲಿಯನ್ ಅಲಿಶಿಯಾ ಮಾರ್ಕ್ಸ್, ಅಪ್ಪಟ ಲಂಡನ್ ಹುಡುಗಿ. ಆ ಕಾಲದಲ್ಲಿ ಬ್ಯಾಲೆರಿನಾ ಎಂದರೆ ರಷ್ಯನ್ ಹೆಸರಿರಬೇಕು ಎಂದು ಜನ ನಂಬಿದ್ದರು. ಅವರಿಗೂ ಬೆಂಗಳೂರಿಗೂ ಒಂದು ನಂಟಿದೆ. 1912ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲ್ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನು, ಕುಂಜು ಕುರುಪ್ಪರಲ್ಲಿ ಕಥಕ್ಕಳಿಯನ್ನು ಕಲಿತವರು. 1939ರಲ್ಲಿ ಲಂಡನ್ ಅವರ ಕುಣಿತಕ್ಕೆ ಮಾರುಹೋಯಿತು. ಭಾರತದ ನಿಜಿನ್‌ಸ್ಕಿ ಎಂದೇ ಅವರನ್ನು ಅಲ್ಲಿ ಕರೆದರು. 1960ರಲ್ಲಿ 'ರಾಧಾ ಕೃಷ್ಣ' ಕುಣಿದಾಗ ಅವರ ಜೊತೆ ರಾಧೆಯಾದವರು ಇದೇ ಮಾರ್ಕೋವಾ. ಆಗ ಅವರಿಗೆ ಐವತ್ತು ಹತ್ತಿರವಾಗಿತ್ತು. ಒಂದು ಕಾಲಕ್ಕೆ ಜಿಸೆಲ್ ಎಂದರೆ ಇವರೇ ಎನಿಸಿಕೊಂಡಿದ್ದ ಕಲಾವಿದೆ ಆ ವಯಸ್ಸಿನಲ್ಲಿ ಹೊಸದೊಂದು ಶೈಲಿಯನ್ನು ಮೈಗೂಡಿಸಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ರಾಮ್ ಗೋಪಾಲರನ್ನು ನಮ್ಮೂರು ಇನ್ನೂ ಸರಿಯಾಗಿ ನೆನೆದಿಲ್ಲ ಎಂಬ ನೋವೂ ನನಗಿದೆ.

ಮಾರ್ಕೋವಾರಿಂದಲೇ ಮುಂದಿನ ಹೆಸರಿಗೆ ಹೋಗಬಹುದು. 1943ರ ನವೆಂಬರ್ 2, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ. ಮಾರ್ಕೋವಾಗೆ ಕಾಯಿಲೆ. ಬದಲಿಗೆ ಯಾರೂ ಒಪ್ಪದಿದ್ದಾಗ ಇಪ್ಪತ್ತೆರಡರ ಕ್ಯೂಬಾ ಹುಡುಗಿ ಅಲಿಶಿಯಾ ಅಲೋನ್ಸೊ ಮುಂದೆ ಬಂದರು. ಅದಕ್ಕೆ ಎರಡು ವರ್ಷ ಮೊದಲು ಅವರ ಕಣ್ಣಿನ ರೆಟಿನಾ ಕಳಚಿತ್ತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಕೊನೆಗೆ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡಿಸದೆ, ಒಂದು ವರ್ಷ ಹಾಸಿಗೆ ಬಿಟ್ಟು ಏಳಬಾರದೆಂದರು ವೈದ್ಯರು. ಆ ಕತ್ತಲೆಯಲ್ಲಿ ಅವರು ಜಿಸೆಲ್ ಕಲಿತರು. ಗಂಡ ಫರ್ನಾಂಡೊ ಪಕ್ಕದಲ್ಲಿ ಕೂತು, ಹಾಸಿಗೆಯ ಮೇಲೆ ತಮ್ಮ ಬೆರಳುಗಳನ್ನೇ ಕಾಲುಗಳಾಗಿಸಿ ಹೆಜ್ಜೆ ತೋರಿಸುತ್ತಿದ್ದರು. ಇವರು ತಮ್ಮ ಬೆರಳಿನಲ್ಲಿ ಅದನ್ನು ಮತ್ತೆ ಮಾಡುತ್ತಿದ್ದರು. ಇಲ್ಲಿ ಕೂತಿರುವ ನೀವೆಲ್ಲ ಬಸ್ಸಿನಲ್ಲಿ, ತರಗತಿಯಲ್ಲಿ ಮೇಜಿನ ಮೇಲೆ ಬೆರಳಲ್ಲಿ ಜತಿ ಹಾಕಿದವರೇ. ಇಡೀ ಎರಡು ಅಂಕವನ್ನು, ಕಣ್ಣು ಕಟ್ಟಿಕೊಂಡು, ಹಾಗೆ ಒಳಗಿಳಿಸಿಕೊಳ್ಳುವುದನ್ನು ಯೋಚಿಸಿ ನೋಡಿ.

ಅವರ ದೃಷ್ಟಿ ಪೂರ್ತಿ ಮರಳಲಿಲ್ಲ. ಪಕ್ಕದ ನೋಟ ಹೋಗಿತ್ತು. ವೇದಿಕೆಯ ಅಂಚಿನಲ್ಲಿ ಪ್ರಖರವಾದ ದೀಪಗಳನ್ನು ಇಡಿಸಿಕೊಂಡು, ಅವುಗಳಿಂದ ದಿಕ್ಕು ಹಿಡಿದು ಕುಣಿಯುತ್ತಿದ್ದರು. ಜೊತೆಗಾರ ಎಲ್ಲಿ ನಿಲ್ಲಬೇಕೋ ಅಲ್ಲಿಂದ ಅಂಗುಲ ಕದಲುವಂತಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ವೇದಿಕೆ ಹತ್ತಿದರು. 1948ರಲ್ಲಿ ಹವಾನಾದಲ್ಲಿ ಅವರು ಕಟ್ಟಿದ ತಂಡವೇ ಇಂದಿನ ಕ್ಯೂಬಾ ರಾಷ್ಟ್ರೀಯ ಬ್ಯಾಲೆ. ಕಬ್ಬಿನ ಗದ್ದೆಗಳ ಆ ಪುಟ್ಟ ದ್ವೀಪದಲ್ಲಿ ಬಡವರ ಮಕ್ಕಳಿಗೂ ಬ್ಯಾಲೆ ಉಚಿತವಾಗಿ ಸಿಕ್ಕಿತು. ಲಾರಿ ಚಾಲಕರ ಮಗ ಕಾರ್ಲೋಸ್ ಅಕೋಸ್ಟಾ ಅಲ್ಲಿ ಕಲಿತು ರಾಯಲ್ ಬ್ಯಾಲೆಯ ಪ್ರಧಾನ ನರ್ತಕರಾದರು, 2020ರಿಂದ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆಯ ನಿರ್ದೇಶಕರು. 1972ರಲ್ಲಿ ಪ್ಯಾರಿಸ್ ಒಪೆರಾ ತನ್ನ ತಂಡಕ್ಕೆ ಜಿಸೆಲ್ ಕಲಿಸಲು ಕರೆಸಿಕೊಂಡದ್ದು ಅಲೋನ್ಸೊ ಅವರನ್ನು. ಪ್ಯಾರಿಸ್‌ನ ಕೃತಿಯನ್ನು ಪ್ಯಾರಿಸ್‌ನವರಿಗೆ ಹವಾನಾದವರು ಕಲಿಸಿದರು! 2019ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇನ್ನು ಹೆಸರಿಲ್ಲದವರ ಮಾತು. ಎರಡನೆಯ ಅಂಕದಲ್ಲಿ ವಿಲಿಗಳ ಎರಡು ಗುಂಪು ವೇದಿಕೆಯ ಎರಡು ಬದಿಯಿಂದ ಹೊರಡುತ್ತವೆ. ಒಂದು ಕಾಲು ಹಿಂದಕ್ಕೆ ನೀಡಿ, ಇನ್ನೊಂದೇ ಕಾಲಲ್ಲಿ ಕುಪ್ಪಳಿಸುತ್ತ, ಒಂದು ಗುಂಪಿನ ಸಾಲುಗಳ ನಡುವೆ ಇನ್ನೊಂದು ಗುಂಪು ಹಾದುಹೋಗುತ್ತದೆ. ದೊಡ್ಡ ತಂಡಗಳಲ್ಲಿ ಇಪ್ಪತ್ತನಾಲ್ಕು ಜನ. ಲಂಗದ ಕೆಳಗೆ ತೊಡೆ ಉರಿಯುತ್ತಿರುತ್ತದೆ, ಮುಖದಲ್ಲಿ ಅದು ಕಾಣಬಾರದು. ಮುಂದಿನವಳ ಬೆನ್ನು ನೋಡಿ ಸಾಲು ಕಾಯಬೇಕು, ಉಸಿರಾಟ ಕೂಡ ಒಟ್ಟಿಗೆ ನಡೆಯಬೇಕು. ಒಬ್ಬಳ ಕಾಲು ನಾಲ್ಕು ಬೆರಳು ಮೇಲಾದರೆ ಗ್ಯಾಲರಿಯಲ್ಲಿ ಕೂತವರಿಗೂ ಗೊತ್ತಾಗುತ್ತದೆ. ದೆವ್ವಗಳ ಕಾಲಿಗೆ ಸದ್ದು ಇರಬಾರದಲ್ಲ? ಬೆರಳ ತುದಿಯ ಮೇಲೆ ನಿಲ್ಲಲು ತೊಡುವ ಪಾಯಿಂಟ್ ಶೂಗಳ ತುದಿಯೋ ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಲ್ಲಿ ಗಟ್ಟಿಮಾಡಿದ್ದು, ಹೊಸದರಲ್ಲಿ ಮರದ ಹಾಗೆ ಟಕಟಕ ಎನ್ನುತ್ತದೆ. ಅದಕ್ಕೆ ನರ್ತಕಿಯರು ಪ್ರದರ್ಶನದ ಮೊದಲು ಶೂಗಳನ್ನು ಗೋಡೆಗೆ, ಮೆಟ್ಟಿಲಿಗೆ ಬಡಿದು ಬಡಿದು ಮೆತ್ತಗೆ ಮಾಡುತ್ತಾರೆ. ಅಟ್ಟೆಯನ್ನು ಬಗ್ಗಿಸುತ್ತಾರೆ, ತುದಿಗೆ ದಾರದಲ್ಲಿ ಹೊಲಿಗೆ ಹಾಕುತ್ತಾರೆ, ರಿಬ್ಬನ್ನು ತಾವೇ ಹೊಲಿದುಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಿದ ಜೋಡಿ ಎಷ್ಟೋ ಸಲ ಒಂದು ಪ್ರದರ್ಶನಕ್ಕೇ ಮುಗಿಯುತ್ತದೆ.

ಶೂಗಳ ಬಣ್ಣದ್ದೂ ಒಂದು ಚರಿತ್ರೆ. ಚರ್ಮದ ಬಣ್ಣ ಎಂದು ಅಂಗಡಿಯಲ್ಲಿ ಸಿಗುತ್ತಿದ್ದ ನಸುಗೆಂಪು ಬಿಳಿಯರ ಚರ್ಮದ್ದು. ಕಪ್ಪು ನರ್ತಕಿಯರು ತಮ್ಮ ಮೇಕಪ್ಪನ್ನೇ ಸ್ಪಂಜಿನಲ್ಲಿ ಶೂಗೆ ಹಚ್ಚಿಕೊಳ್ಳಬೇಕಿತ್ತು. ಲಂಡನ್‌ನ ಹಳೆಯ ತಯಾರಕರಾದ ಫ್ರೀಡ್ ಸಂಸ್ಥೆ 'ಬ್ಯಾಲೆ ಬ್ಲ್ಯಾಕ್' ತಂಡದ ಜೊತೆಗೂಡಿ ಕಂದು ಬಣ್ಣದ ಶೂ ತಂದದ್ದು 2018ರಲ್ಲಿ. ಅದಕ್ಕೂ ಬಹಳ ಮೊದಲು, 1969ರಲ್ಲಿ, ಆರ್ಥರ್ ಮಿಚೆಲ್ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರ ತಂಡ ಕಟ್ಟಿದ್ದರು. ಆ ತಂಡ 1984ರಲ್ಲಿ ಜಿಸೆಲ್‌ಳನ್ನು ರೈನ್ ಕಣಿವೆಯಿಂದ ಅಮೆರಿಕದ ಲೂಸಿಯಾನಾಗೆ, ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕಪ್ಪು ಕುಟುಂಬಗಳ ನಡುವಿಗೆ ತಂದಿತು. ಹೆಜ್ಜೆಗಳು ಹಳೆಯವೇ. ಮೇಲುಕೀಳಿನ ಕಥೆ ಮಾತ್ರ ಇನ್ನಷ್ಟು ಚುಚ್ಚುವಂತಾಯಿತು. ವರ್ಜೀನಿಯಾ ಜಾನ್ಸನ್ ಜಿಸೆಲ್ ಆಗಿದ್ದರು. 2016ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗಾಗಿ ಅಕ್ರಮ್ ಖಾನ್ ಹೆಜ್ಜೆಗಳನ್ನೂ ಬದಲಿಸಿದರು. ಕಥಕ್ ಕಲಿತ ಅವರ ಕೈಯಲ್ಲಿ ಜಿಸೆಲ್ ಬಟ್ಟೆ ಕಾರ್ಖಾನೆಯ ವಲಸೆ ಕಾರ್ಮಿಕಳಾದಳು, ವಿಲಿಗಳು ಅಲ್ಲಿ ದುಡಿದು ಸತ್ತ ಹೆಂಗಸರಾದರು. ಹಳೆಯದನ್ನು ಕೆಡಿಸಿದರು ಎಂದು ಗೊಣಗಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯದನ್ನು ಚೆನ್ನಾಗಿ ಆಡುವ ತಂಡವೇ ಹೊಸದನ್ನೂ ಆಡಿತು, ಎರಡೂ ಉಳಿದಿವೆ.

ನನಗೆ ಬೇಸರವಿರುವುದು ಬೇರೆ ಕಡೆ. ಇವತ್ತಿನ ಕಾಲುಗಳು ಕಿವಿಯವರೆಗೆ ಏರುತ್ತವೆ. ಅಷ್ಟು ಏರಿಸಲು ಸಮಯ ಬೇಕು, ಅದಕ್ಕೆ ಸಂಗೀತವನ್ನೇ ನಿಧಾನ ಮಾಡುತ್ತಾರೆ. ಆಡಮ್ ಬರೆದ ಚುರುಕು ಎಳೆದಾಡಿಹೋಗುತ್ತದೆ. ಇದನ್ನು ಸರಿಪಡಿಸಲು ಹಳೆಯ ಪುಟಗಳಿಗೆ ಮರಳಿದವರಿದ್ದಾರೆ. ಅಮೆರಿಕದ ಸಿಯಾಟಲ್‌ನ ತಂಡ 2011ರಲ್ಲಿ ಹತ್ತೊಂಬತ್ತನೆಯ ಶತಮಾನದ ಹಸ್ತಪ್ರತಿಗಳನ್ನು ವಿದ್ವಾಂಸರ ಜೊತೆ ಕೂತು ಓದಿ ಜಿಸೆಲ್ ಆಡಿತು. 2019ರಲ್ಲಿ ನೃತ್ಯ ಸಂಯೋಜಕ ಅಲೆಕ್ಸೆಯ್ ರಟ್ಮಾನ್‌ಸ್ಕಿ ಮಾಸ್ಕೋದ ಬೊಲ್ಶೊಯ್ ತಂಡಕ್ಕಾಗಿ ಅದನ್ನೇ ಮಾಡಿದರು.

ರಟ್ಮಾನ್‌ಸ್ಕಿ ಬೆಳೆದದ್ದು ಕೀವ್‌ನಲ್ಲಿ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ರಷ್ಯಾದ ಯುದ್ಧ ಶುರುವಾದಾಗ ಮಾಸ್ಕೋದಲ್ಲಿ ತಾಲೀಮು ನಡೆಸುತ್ತಿದ್ದವರು ಕೆಲಸ ಬಿಟ್ಟು ಹೊರಟುಬಂದರು. ಯುದ್ಧದಿಂದ ಪಾರಾಗಿ ಬಂದ ಉಕ್ರೇನಿನ ನರ್ತಕ ನರ್ತಕಿಯರಿಗೆ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ, ಹಳೆಯ ಸಂಗೀತ ಶಾಲೆಯ ಕಟ್ಟಡದಲ್ಲಿ, ಆಶ್ರಯ ಸಿಕ್ಕಿತ್ತು. ಬೇರೆ ಬೇರೆ ಊರು, ಬೇರೆ ಬೇರೆ ತಂಡದವರು. ಒಟ್ಟಿಗೆ ಕುಣಿದು ಗೊತ್ತೇ ಇಲ್ಲ. ರಟ್ಮಾನ್‌ಸ್ಕಿ ಅವರಿಗೆ ಜಿಸೆಲ್ ಕಲಿಸಿದರು. ಆ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಆಡಿದರು. ಅದೇ ತಿಂಗಳು, ಕೀವ್ ಒಪೆರಾದಲ್ಲಿ ವರ್ಷಾನುಗಟ್ಟಲೆ ಕುಣಿದಿದ್ದ ಒಲೆಕ್ಸಾಂದ್ರ್ ಶಾಪೊವಾಲ್ ಸೈನಿಕರಾಗಿ ರಣರಂಗದಲ್ಲಿ ಸತ್ತರು. ಉಕ್ರೇನಿನೊಳಗೆ, ಲ್ವೀವ್ ಒಪೆರಾ ಮೇ ತಿಂಗಳಲ್ಲಿ ಬ್ಯಾಲೆಯನ್ನು ಮತ್ತೆ ಶುರುಮಾಡಿದ್ದೂ ಜಿಸೆಲ್‌ನಿಂದಲೇ. ಸೈರನ್ ಕೂಗಿದರೆ ನೆಲಮಾಳಿಗೆಯಲ್ಲಿ ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಜನಕ್ಕೆ ಟಿಕೆಟ್ ಕೊಟ್ಟರು.

ಹೇಗ್‌ನ ಆ ಪ್ರಯೋಗದಲ್ಲಿ ರಟ್ಮಾನ್‌ಸ್ಕಿ ಮೂಲದ ಕೊನೆಯನ್ನು ಮರಳಿ ತಂದರು. ನಾವು ಸಾಮಾನ್ಯವಾಗಿ ನೋಡುವ ಪ್ರಯೋಗಗಳಲ್ಲಿ ಬೆಳಗಾಗುತ್ತದೆ, ಜಿಸೆಲ್ ಗೋರಿಗೆ ಇಳಿಯುತ್ತಾಳೆ, ಆಲ್ಬ್ರೆಕ್ಟ್ ಒಬ್ಬನೇ ಉಳಿಯುತ್ತಾನೆ. 1841ರ ಪ್ರತಿಯಲ್ಲಿ ಬಟಿಲ್ಡ್ ಅವನನ್ನು ಹುಡುಕಿಕೊಂಡು ಕಾಡಿಗೆ ಬರುತ್ತಾಳೆ. ಮಣ್ಣಿಗೆ ಇಳಿಯುತ್ತಿರುವ ಜಿಸೆಲ್ ಅವಳತ್ತ ಕೈ ತೋರಿಸಿ, ಇವಳನ್ನು ಮದುವೆಯಾಗಿ ಬಾಳು ಎಂದು ಅವನಿಗೆ ಹೇಳುತ್ತಾಳೆ. ಅಭಿನಯ ಬಲ್ಲವರಿಗೆ ಆ ಒಂದು ಕೈ ಸನ್ನೆ ಎಷ್ಟು ಕಷ್ಟದ್ದು ಎಂದು ಗೊತ್ತು. ಅದರಲ್ಲಿ ತ್ಯಾಗದ ಆಡಂಬರ ಬರಬಾರದು, ಪ್ರೀತಿ ಬತ್ತಿದಂತೆಯೂ ಕಾಣಬಾರದು.

ಈಗ ಎರಡನೆಯ ಅಂಕದ ವಿಡಿಯೊ ಹಾಕುತ್ತಾರೆ, ಸುಮಾರು ಮುಕ್ಕಾಲು ಗಂಟೆ. ಜಿಸೆಲ್‌ಳನ್ನು ನೋಡುವುದು ಇದ್ದೇ ಇರುತ್ತದೆ. ಸಾಲುಗಳು ಒಂದರೊಳಗೊಂದು ಹಾದುಹೋಗುವಾಗ ದಯವಿಟ್ಟು ಹಿಂದಿನ ಸಾಲಿನವರನ್ನು ನೋಡಿ. ಮುಗಿದ ಮೇಲೆ ಪ್ರಶ್ನೆಗಳಿಗೆ ಕೂರುತ್ತೇನೆ.